ಅವಳ ಹೆಸರಿನಲ್ಲಿ ನಾನು ಬರೆದದ್ದು

ಸೊರಬದಿಂದ ಶಿಕಾರಿಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವಳು ನಾನು. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಆ ವರ್ಷ ಆ ದಾರಿಯಲ್ಲಿ ಕಿಟಕಿಯಾಚೆ ನೋಡಿದ ನೆನಪೇ ನನಗಿಲ್ಲ. ಮೊಬೈಲನ್ನು ಬ್ಯಾಗಿಗೆ ಹಾಕುವುದು, ಮತ್ತೆ ತೆಗೆಯುವುದು, ಯಾರಾದರೂ ಏನಾದರೂ ಬರೆದಿದ್ದಾರೆಯೇ ಎಂದು ನೋಡುವುದು, ಬರೆದಿಲ್ಲವೆಂದು ಮತ್ತೆ ಒಳಗೆ ತುರುಕುವುದು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಒಂದು ದಿನ ತಡೆಯಲಾರದೆ, "ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ಮೇಡಂ?" ಎಂದು ಕೇಳಿಯೇಬಿಟ್ಟಳು. ಮನೆಯಲ್ಲಿ ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ನಾನು ಮೈಮೇಲೆ ಎಳೆದುಕೊಂಡಿದ್ದ ಒಂದು ಕೆಲಸ ಮಾತ್ರ ಮಲಗಿಬಿಟ್ಟಿತ್ತು.

ನಾನು ಶಿಕಾರಿಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಕನ್ನಡದ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಓಪನ್ ಸೋರ್ಸ್ ತಂತ್ರಾಂಶವಿದೆ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಎಲ್ಲರ ಮುಂದೆ ಇಡಬಹುದು. ಬೇರೆಬೇರೆ ಊರುಗಳಲ್ಲಿ ಕುಳಿತು ಬಿಡುವಿನ ಹೊತ್ತಿನಲ್ಲಿ ಅದನ್ನು ಬೆಳೆಸುತ್ತಿರುವ ಒಂದು ಗುಂಪು, ಹೊಸಬರಿಗೆ ಕೆಲಸ ಕಲಿಸಲು ಹನ್ನೆರಡು ವಾರಗಳ ಕಾರ್ಯಕ್ರಮ ಇಟ್ಟುಕೊಂಡಿತ್ತು. ನಮ್ಮ ಕಾಲೇಜಿನಿಂದ ಹದಿನಾಲ್ಕು ಜನ ಸೇರಿದರು. ಅವರಿಗೂ ಗುಂಪು ಗೊತ್ತುಮಾಡಿದ್ದ ಮಾರ್ಗದರ್ಶಿ, ಅಂದರೆ ಮೆಂಟರಿಗೂ ನಡುವೆ ಕೊಂಡಿಯಾಗಿ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ, ನಾನೇ ಕೈ ಎತ್ತಿದ್ದೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ ಎಂದು ನಮ್ಮಮ್ಮ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಿರುತ್ತಾಳೆ.

ಮೆಂಟರ್ ಕರಾವಳಿಯವರು. ಅಲ್ಲಿಯದೇ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಸಂಜೆ ಡ್ಯೂಟಿ ಮುಗಿಸಿ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆಂದು ಒಪ್ಪಿಕೊಂಡಿದ್ದರು. ಅವರ ಮುಖ ನಾನು ನೋಡಿದ್ದು ಒಂದೇ ಸಲ, ಮೊದಲ ದಿನದ ವಿಡಿಯೊ ಕರೆಯಲ್ಲಿ. ಮೃದು ಮಾತಿನ ಮನುಷ್ಯ.

ಮೊದಲ ದಿನವೇ ನಾನು ಒಂದು ಜಾಣತನ ಮಾಡಿದೆ. ಮಾಡಬೇಕಾದ ಕೆಲಸಗಳದೊಂದು ಪಟ್ಟಿ ಇರುತ್ತದೆ. ಅದರಲ್ಲಿ ತನಗೆ ಬೇಕಾದ್ದನ್ನು ಆರಿಸಿ, "ಇದನ್ನು ನಾನು ಮಾಡುತ್ತೇನೆ" ಎಂದು ಕೆಳಗೆ ಬರೆಯಬೇಕು, ಒಂದೇ ಕೆಲಸಕ್ಕೆ ಇಬ್ಬರು ಕೈ ಹಾಕಬಾರದು. ಇದನ್ನು ಹೇಳಿಕೊಡಲು ನಾನು ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿಗೆ ಹೋದೆ. ಸಂತೆಯ ದಿನ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ ಎಂದೆ. "ಟವೆಲ್ ಹಾಕಿ ಮೊದಲು. ಇನ್ನೊಬ್ಬರ ಟವೆಲ್ ಇದ್ದಲ್ಲಿ ಕೂರೋ ಹಾಗಿಲ್ಲ." ಮಕ್ಕಳು ಬಿದ್ದು ಬಿದ್ದು ನಕ್ಕರು. ಮೆಂಟರ್ ಕೂಡ ನಕ್ಕರು. ನನಗೆ ಹೆಮ್ಮೆಯೋ ಹೆಮ್ಮೆ.

ಎರಡೇ ದಿನದಲ್ಲಿ ಪಟ್ಟಿಯ ತುಂಬ ಟವೆಲ್ಲುಗಳು. ಶಿರಾಳಕೊಪ್ಪದ ಬಟ್ಟೆ ಅಂಗಡಿಯವರ ಮಗನೊಬ್ಬ ಇದ್ದ, ಬಾಯಿ ಜೋರು, ಮನಸ್ಸು ಒಳ್ಳೆಯದು. ಅವನೊಬ್ಬನೇ ಆರು ಕೆಲಸಗಳ ಮೇಲೆ ಹಾಕಿದ. ಮೂರನೆಯ ದಿನದಿಂದ ಸದ್ದಿಲ್ಲ. ಸೀಟು ಹಿಡಿದವರು ಯಾರೂ ಬಸ್ಸು ಹತ್ತಲಿಲ್ಲ. ಮೆಂಟರ್ ಸೋಮವಾರ ಕೇಳುತ್ತಿದ್ದರು, "ಹೇಗೆ ನಡೆಯುತ್ತಿದೆ?" ಗುರುವಾರದವರೆಗೂ ಉತ್ತರವಿಲ್ಲ. ಲ್ಯಾಬಿನಲ್ಲಿ ಕೇಳಿದರೆ ತಲೆ ತಗ್ಗಿಸಿ, "ಮಾಡ್ತಾ ಇದೀವಿ ಮೇಡಂ" ಎನ್ನುತ್ತಿದ್ದರು. ಗೊತ್ತಾಗದ್ದನ್ನು ಅವರಿಗೇ ಬರೆದು ಕೇಳಿ ಎಂದರೆ, ಅಷ್ಟು ದೊಡ್ಡವರಿಗೆ ಇಷ್ಟು ಸಣ್ಣದನ್ನು ಹೇಗೆ ಕೇಳುವುದೆಂಬ ಸಂಕೋಚ. ಅತ್ತ ಮೆಂಟರಿಗೆ, ಈ ಮಕ್ಕಳಿಗೆ ಆಸಕ್ತಿಯೇ ಇಲ್ಲವೇನೋ, ಸುಮ್ಮನೆ ಕಾಡಬಾರದು ಎಂಬ ಸಂಕೋಚ. ಸಂಬಂಧ ನೋಡಿ ಹೋದ ಮೇಲೆ ಎರಡೂ ಮನೆಯವರು ಅವರೇ ಮೊದಲು ಹೇಳಿ ಕಳಿಸಲಿ ಎಂದು ಕೂತ ಹಾಗಾಯಿತು. ನಾನು ನಡುವೆ ಓಡಾಡುವ ದಲ್ಲಾಳಿ.

ನನಗೆ ಮೌನ ಆಗಿಬರುವುದಿಲ್ಲ. ಒಂದು ಶನಿವಾರ ಹದಿನಾಲ್ಕು ಜನರನ್ನೂ ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋದೆ. ಕೆರೆ, ಹಕ್ಕಿ, ಚಿತ್ರಾನ್ನ, ಮರದ ಕೆಳಗೆ ಕೂತು ಎಲ್ಲರೂ ಮುಂದಿನ ವಾರ ಏನು ಮಾಡುತ್ತೇವೆಂದು ಹೇಳುವುದು, ಇದು ನನ್ನ ಏರ್ಪಾಡು. ಹಕ್ಕಿ ನೋಡಿದರು, ಚಿತ್ರಾನ್ನ ಖಾಲಿ ಮಾಡಿದರು, ನೂರಾರು ಫೋಟೊ ತೆಗೆದುಕೊಂಡರು. ಸೋಮವಾರ ಗುಂಪಿನಲ್ಲಿ ಫೋಟೊಗಳು ಬಂದವು. ಕೋಡ್ ಒಂದು ಸಾಲೂ ಬರಲಿಲ್ಲ. ಮೆಂಟರ್ ಒಂದು ಹಕ್ಕಿಯ ಚಿತ್ರಕ್ಕೆ ಹೆಬ್ಬೆಟ್ಟು ಒತ್ತಿ ಸುಮ್ಮನಾದರು. ಆ ಹೆಬ್ಬೆಟ್ಟು ನೋಡಿ ನನಗೆ ಅಳುವೇ ಬಂತು.

ಆಮೇಲೆ ನಾನು ಹಿಡಿದದ್ದು ಅಡ್ಡದಾರಿ. ಆಗ ಅದು ಅಡ್ಡದಾರಿ ಅನಿಸಿರಲಿಲ್ಲ. ನಮ್ಮ ಕಾಲೇಜುಗಳಲ್ಲಿ ಮಕ್ಕಳ ಪರೀಕ್ಷೆ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಎಲ್ಲವನ್ನೂ ತುಂಬುವವರು ನಾವೇ. ಅವರು ತುಂಬಿದರೆ ಒಂದಲ್ಲ ಒಂದು ತಪ್ಪಾಗಿ ಅರ್ಜಿ ವಾಪಸ್ಸು ಬರುತ್ತದೆ, ಆ ತಾಪತ್ರಯವೇ ಬೇಡ ಎಂದು ಅವರ ಪಾಸ್‌ವರ್ಡುಗಳನ್ನೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿರುತ್ತೇವೆ. ಈ ಕಾರ್ಯಕ್ರಮದ ಖಾತೆಗಳನ್ನು ತೆರೆದುಕೊಟ್ಟದ್ದೂ ನಾನೇ. ಅವುಗಳ ಪಾಸ್‌ವರ್ಡೂ ಅದೇ ನೋಟ್‌ಬುಕ್ಕಿಗೆ ಹೋಯಿತು. ವಾರದ ವರದಿ ಬರದಿದ್ದರೆ ನಾನೇ ಮಕ್ಕಳನ್ನು ಕೇಳಿ, ಅವರ ಖಾತೆಯಿಂದ ಎರಡು ಸಾಲು ಬರೆದು ಹಾಕತೊಡಗಿದೆ. ಆಮೇಲೆ ಕೇಳುವುದನ್ನೂ ಬಿಟ್ಟೆ. ಮೆಂಟರ್ ಮತ್ತೆ ಉತ್ತರಿಸಲು ಶುರುಮಾಡಿದರು. ಮಕ್ಕಳು ತುಂಬ ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ ಎಂದು ನನಗೆ ಪ್ರತ್ಯೇಕವಾಗಿ ಬರೆದರು. ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಖುಷಿ.

ಒಬ್ಬಳ ಹೆಸರಿನಲ್ಲಿ ಮಾತ್ರ ಬರೆಯಲು ನನಗೇ ಏನೂ ತೋಚುತ್ತಿರಲಿಲ್ಲ. ಅಂಜನಾಪುರದ ಕಡೆಯ ಹುಡುಗಿ, ಮನೆಯಲ್ಲಿ ಸ್ವಲ್ಪ ಹೊಲ, ಒಂದು ಹಿಂಡು ಕುರಿ. ಲ್ಯಾಬಿಗೆ ಎಲ್ಲರಿಗಿಂತ ಕೊನೆಗೆ ಬಂದು ಗೋಡೆ ಬದಿಯ ಕಂಪ್ಯೂಟರಿನಲ್ಲಿ ಕೂರುತ್ತಿದ್ದಳು. ಏನು ಮಾಡುತ್ತಿದ್ದೀ ಎಂದರೆ, "ನೋಡ್ತಾ ಇದೀನ್ರಿ ಮೇಡಂ" ಎನ್ನುವಳು. ಆದರೆ ಈ ಕಾರ್ಯಕ್ರಮಕ್ಕೆ ಸೇರುವಾಗ ಏಕೆ ಸೇರುತ್ತಿದ್ದೀರಿ ಎಂಬ ಪ್ರಶ್ನೆಗೆ ಹದಿಮೂರು ಜನ ಸರ್ಟಿಫಿಕೇಟಿನ ಮಾತು ಬರೆದಿದ್ದರೆ, ಅವಳು ಬರೆದದ್ದು ಬೇರೆ. ತನ್ನ ಅಜ್ಜಿಗೆ ಓದು ಬರುವುದಿಲ್ಲ, ಈ ತಂತ್ರಾಂಶ ಅಜ್ಜಿಗೆ ಜಮೀನಿನ ಪಹಣಿ ಓದಿ ಹೇಳುವಂತೆ ಮಾಡಬೇಕು ಎಂದು. ಅದನ್ನು ಓದಿದ್ದ ನಾನು ಮರೆತೇಬಿಟ್ಟಿದ್ದೆ.

ಆರನೆಯ ವಾರದಲ್ಲಿ ಅರ್ಧದಾರಿಯ ಮೌಲ್ಯಮಾಪನ. ಪ್ರತಿಯೊಬ್ಬರ ಹೆಸರಿನ ಮುಂದೆ ಮೆಂಟರ್ 'ಮುಂದುವರಿಸಿ' ಅಥವಾ 'ಕೈಬಿಡಿ' ಎಂದು ಗುರುತು ಹಾಕಬೇಕು. ಒಮ್ಮೆ ಕೈಬಿಟ್ಟವರನ್ನು ಮತ್ತೆ ಯಾವ ವರ್ಷವೂ ತೆಗೆದುಕೊಳ್ಳುವುದಿಲ್ಲ. ಬುಧವಾರ ಮೆಂಟರ್ ನನಗೆ ಬರೆದರು: "ಈ ಹುಡುಗಿಯಿಂದ ಒಂದು ಅಕ್ಷರವೂ ಬಂದಿಲ್ಲ. ಶುಕ್ರವಾರ ಸಂಜೆ ಐದಕ್ಕೆ ಕೈಬಿಡಿ ಎಂದು ಹಾಕಬೇಕಾಗುತ್ತದೆ. ಬೇಸರವಿದೆ." ಅದನ್ನು ಓದಿದ್ದು ಶಿರಾಳಕೊಪ್ಪದಲ್ಲಿ. ಹತ್ತಬೇಕಾದ ಬಸ್ಸು ಕಣ್ಣೆದುರೇ ಹೊರಟು ಹೋಯಿತು.

ಗುರುವಾರ ಮಧ್ಯಾಹ್ನ ಎರಡು ಪಿರಿಯಡ್ಡು ಬೇರೆಯವರಿಗೆ ವಹಿಸಿ ಅವಳ ಮನೆಗೆ ಹೋದೆ. ಅವಳೂ ಆ ದಿನ ಕಾಲೇಜಿಗೆ ಬಂದಿರಲಿಲ್ಲ. ಅಂಜನಾಪುರ ಡ್ಯಾಮಿನ ನೀರು ಕಾಲುವೆಗೆ ಬಿಟ್ಟಿದ್ದರು, ಗದ್ದೆಗಳೆಲ್ಲ ಹಸಿಹಸಿ. ಅಪ್ಪ ಅಮ್ಮ ಕುರಿ ಹೊಡೆದುಕೊಂಡು ಹೋಗಿದ್ದರು. ಅಜ್ಜಿ ಕಟ್ಟೆಯ ಮೇಲೆ ಕೂತು ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು.

"ಬಾರವ್ವಾ, ಕುಂದ್ರು. ನಮ್ ಹುಡ್ಗಿ ಏನಾರ ತಪ್ಪು ಮಾಡ್ಯಾಳೇನು?"

"ತಪ್ಪು ಮಾಡಿದ್ರೂ ಚಲೋ ಇತ್ತು ಅಜ್ಜಿ. ಏನೂ ಮಾಡಿಲ್ಲ, ಅದೇ ತೊಂದ್ರೆ" ಎಂದೆ. ನನಗೆ ಕೋಪ ಬಂದಾಗ ಹೀಗೆ ವ್ಯಂಗ್ಯ ಬರುತ್ತದೆ.

ಹುಡುಗಿ ಒಳಗಿನಿಂದ ಬಂದಳು. ಮುಖ ಸಣ್ಣದಾಗಿತ್ತು. ಮತ್ತೆ ಒಳಗೆ ಹೋಗಿ ಲ್ಯಾಪ್‌ಟಾಪ್ ತಂದಳು. ಶಿರಾಳಕೊಪ್ಪದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಮುಚ್ಚಳ ಸಡಿಲಾಗಿ ಗೋಡೆಗೆ ಒರಗಿಸಿಯೇ ತೆರೆಯಬೇಕು. ಪ್ಲಾಸ್ಟಿಕ್ ಕವರಿನಿಂದ ಎರಡು ಪಹಣಿ ತೆಗೆದು ಪಕ್ಕದಲ್ಲಿಟ್ಟುಕೊಂಡು, ಅವುಗಳ ಅಂಕಿಗಳನ್ನು ಒಂದೊಂದಾಗಿ ಹೊಡೆದಳು.

ಪಹಣಿಯಲ್ಲಿ ಜಮೀನಿನ ಅಳತೆ ಮೂರು ಅಂಕಿಗಳಲ್ಲಿ ಇರುತ್ತದೆ, ನಡುವೆ ಚುಕ್ಕೆ. ನಮ್ಮ ತಂತ್ರಾಂಶ ಅದನ್ನು "ಎರಡು ಪಾಯಿಂಟ್ ಹದಿಮೂರು ಪಾಯಿಂಟ್ ಸೊನ್ನೆ ಎಂಟು" ಎಂದು ಓದಿ ಕೇಳಿದವರನ್ನು ಕಂಗಾಲು ಮಾಡುತ್ತಿತ್ತು. ಅದನ್ನು ಸರಿಪಡಿಸುವುದೂ ಪಟ್ಟಿಯಲ್ಲಿದ್ದ ಒಂದು ಕೆಲಸ. ಈಗ ಆ ಲ್ಯಾಪ್‌ಟಾಪಿನ ಒಡೆದ ಸ್ಪೀಕರು, "ಎರಡು ಎಕರೆ, ಹದಿಮೂರು ಗುಂಟೆ, ಎಂಟಾಣೆ" ಎಂದಿತು. ಆಮೇಲೆ ಇನ್ನೊಂದು ತುಂಡು ಜಮೀನಿನದು, "ಇಪ್ಪತ್ತಾರು ಗುಂಟೆ, ಎಂಟಾಣೆ." ಸ್ವಲ್ಪ ತಡೆದು, "ಒಟ್ಟು ಮೂರು ಎಕರೆ."

"ಹಾಂ, ಮೂರೆಕ್ರೆ" ಎಂದಳು ಅಜ್ಜಿ, ಮರಿಯ ಬಾಯಿಂದ ಬಾಟಲಿ ತೆಗೆಯದೆ. "ಈಗೀಗ ಸರಿ ಹೇಳ್ತೈತಿ ನೋಡು."

ಆರು ವಾರಗಳಲ್ಲಿ ಉಳಿದ ಹದಿಮೂರು ಜನರಲ್ಲಿ ಯಾರೂ ಮುಟ್ಟದ ಕೆಲಸವನ್ನು ಇವಳು ಮಾಡಿ ಮುಗಿಸಿದ್ದಾಳೆ. "ಯಾವಾಗ ಮುಗೀತೇ ಇದು?"

"ಮೂರು ವಾರ ಆತ್ರಿ."

"ಮೂರು ವಾರ! ಮತ್ತೆ ಯಾಕೆ ಕಳಿಸ್ಲಿಲ್ಲ ಮಾರಾಯ್ತಿ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅದ್ರ ಮ್ಯಾಲೆ ಬ್ಯಾರೆಯವ್ರದು ಟವೆಲ್ ಐತಲ್ರಿ ಮೇಡಂ. ನೀವೇ ಹೇಳಿದ್ರಿ, ಟವೆಲ್ ಇದ್ದಲ್ಲಿ ಕೂರೋ ಹಂಗಿಲ್ಲ ಅಂತ. ಅವ ಎದ್ಮೇಲೆ ಕಳಿಸಿದ್ರಾತು ಅಂತ ಕಾಯ್ತಿದ್ದೆ."

ಬಟ್ಟೆ ಅಂಗಡಿಯವರ ಮಗ ಹಾಕಿದ್ದ ಆರರಲ್ಲಿ ಇದೂ ಒಂದು. ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. ನಮ್ಮ ಕಡೆ ಇದು ನಿಜ. ಬಸ್ಸು ಅರ್ಧ ಖಾಲಿ ಇದ್ದರೂ ಟವೆಲ್ ಇರುವ ಸೀಟಿನ ಪಕ್ಕ ನಿಂತೇ ಹೋಗುವವರಿದ್ದಾರೆ. ಅಂಥವರಿಗೆ ಆ ಪಾಠ ಹೇಳಿದ ಮೇಲೆ ಅವರು ಅದನ್ನು ಪಾಲಿಸುತ್ತಾರೆಂದು ನನಗೆ ಹೊಳೆಯಬೇಕಿತ್ತು. ಅಲ್ಲೇ ನಿಂತು ಆ ಹುಡುಗನಿಗೆ ಫೋನ್ ಮಾಡಿದೆ. "ಅರೆ ಮೇಡಂ, ಕೇಳಿದ್ರೆ ಬಿಟ್ಕೊಡ್ತಿದ್ನಲ್ಲ! ನಾನು ಅದನ್ನ ತೆರೆದೂ ನೋಡಿಲ್ಲ" ಎಂದು ನಕ್ಕ. ಎರಡು ನಿಮಿಷದಲ್ಲಿ ತನ್ನ ಹೆಸರು ತೆಗೆದ. ಹುಡುಗಿ ತಾನು ಮಾಡಿದ್ದನ್ನೆಲ್ಲ, ಲ್ಯಾಬಿನ ಕಂಪ್ಯೂಟರಿಗೆ ಇಳಿಸಿಡಿ ಎಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. ಅವಳ ಮನೆಯಲ್ಲಿ ನೆಟ್‌ವರ್ಕ್ ನೆಟ್ಟಗೆ ಸಿಗುತ್ತಿರಲಿಲ್ಲ. ನಾಳೆ ಹನ್ನೊಂದು ಗಂಟೆಗೆ ಲ್ಯಾಬಿಗೆ ಬಂದು ತಾನೇ ಕಳಿಸುತ್ತೇನೆ, ಏನು ಬರೆಯಬೇಕೆಂದೂ ಯೋಚಿಸಿದ್ದೇನೆ ಎಂದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಅರ್ಧ ಮಾತಿನಲ್ಲೇ ಎದ್ದೆ. ಅಜ್ಜಿ ತಂದಿಟ್ಟ ಚಹಾ ಹಾಗೇ ಉಳಿಯಿತು.

ಶುಕ್ರವಾರ ಹನ್ನೊಂದಾಯಿತು, ಹನ್ನೆರಡಾಯಿತು. ಅವಳಿಲ್ಲ. ಫೋನ್ ಹತ್ತುತ್ತಿಲ್ಲ. ಎರಡು ಗಂಟೆಗೆ ನಾನು ಗೇಟಿನವರೆಗೆ ಮೂರು ಸಲ ಹೋಗಿ ಬಂದೆ. ಆಮೇಲೆ ತಿಳಿದದ್ದು, ಆ ದಿನ ಊರಿಗೆ ಕುರಿಗಳಿಗೆ ಲಸಿಕೆ ಹಾಕುವವರು ಬಂದಿದ್ದರು, ಹಿಂಡು ತಡೆದು ನಿಲ್ಲಿಸಲು ಮನೆಯಲ್ಲಿ ಎಲ್ಲರೂ ಬೇಕಿತ್ತು. ಮೂರೂವರೆಗೆ ಹೊರಟು ನಾಲ್ಕೂ ಮುಕ್ಕಾಲಿಗೆ ಅವಳು ಬಂದೇ ಬಂದಳು. ಐದಕ್ಕೆ ಇನ್ನೂ ಹದಿನೈದು ನಿಮಿಷ ಇತ್ತು.

ಆದರೆ ನಾನು ಮೂರು ಗಂಟೆಗೇ ಕಳಿಸಿಬಿಟ್ಟಿದ್ದೆ.

ನೋಟ್‌ಬುಕ್ ತೆಗೆದು ಅವಳ ಪಾಸ್‌ವರ್ಡ್ ಹಾಕಿ ಒಳಹೊಕ್ಕೆ. ಪೆನ್‌ಡ್ರೈವಿನಲ್ಲಿದ್ದ ಕೋಡ್ ಮೇಲಿನಿಂದ ಕೆಳಗೆ ಓದುತ್ತ ಬಂದೆ. ಅಚ್ಚುಕಟ್ಟಾಗಿತ್ತು. ಎಲ್ಲವನ್ನೂ ಕೂಡಿಸುವ ಕಡೆ ಮಾತ್ರ ಕೊನೆಯ ಅಂಕಿ ಹದಿನಾರು ತಲುಪಿದಾಗ ಒಂದು ಗುಂಟೆ ಆಗುವಂತೆ ಬರೆದಿದ್ದಳು. ಚುಕ್ಕೆಯ ನಂತರದ ಎರಡು ಅಂಕಿ ಎಂದರೆ ನೂರು ತಾನೇ, ಪಾಪ ಹುಡುಗಿ ಎಡವಿದ್ದಾಳೆ ಎಂದುಕೊಂಡೆ. ನಮ್ಮ ಮನೆಯಲ್ಲಿ ಜಮೀನಿಲ್ಲ. ಅಪ್ಪ ಪೋಸ್ಟ್ ಆಫೀಸಿನಲ್ಲಿದ್ದವರು. ಆಣೆ ಎಂಬುದು ನನಗೆ ಹಳೆಯ ಕಾಲದ ನಾಣ್ಯದ ಹೆಸರು, ಅಷ್ಟೆ. ಹಿಂದಿನ ದಿನ "ಒಟ್ಟು ಮೂರು ಎಕರೆ" ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ, ಅಜ್ಜಿ ಹೌದೆಂದದ್ದನ್ನೂ ಕೇಳಿದ್ದೆ. ಆದರೂ ಹದಿನಾರು ಅಳಿಸಿ ನೂರು ಎಂದು ಹಾಕಿದೆ. ಒಂದು ಸಲ ಓಡಿಸಿ ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಅದರ ಜೊತೆಗೆ ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಬರೆದು, ಅವಳ ಹೆಸರಿನಲ್ಲಿ ಕಳಿಸಿದೆ.

ಮೆಂಟರ್ ಆಸ್ಪತ್ರೆಯಿಂದಲೇ ನೋಡಿದರು. "ಎಷ್ಟು ಚೆನ್ನಾಗಿ ಮಾಡಿದ್ದೀರಿ! ಕೊನೆಯ ಎರಡು ಅಂಕಿ ಏನೆಂದು ಸ್ವಲ್ಪ ವಿವರಿಸುತ್ತೀರಾ? ನಮ್ಮ ಕಡೆ ಸೆಂಟ್ಸ್ ಲೆಕ್ಕ, ಎಕರೆಗೆ ನೂರು." ಅವಳಾಗಿ ನಾನು ಉತ್ತರಿಸಿದೆ: ಗುಂಟೆಯ ನೂರನೆಯ ಒಂದು ಭಾಗ, ಸರ್. ನೂರರ ಲೆಕ್ಕದಲ್ಲೇ ಬೆಳೆದವರು, ತಟ್ಟನೆ ಒಪ್ಪಿಕೊಂಡರು. ನಾಲ್ಕು ಗಂಟೆಗೆ ಅವಳ ಕೋಡ್ ತಂತ್ರಾಂಶಕ್ಕೆ ಸೇರಿತು. ನಾಲ್ಕೂ ಹತ್ತಕ್ಕೆ ಅವಳ ಹೆಸರಿನ ಮುಂದೆ 'ಮುಂದುವರಿಸಿ' ಎಂದು ಬಿತ್ತು.

ಅವಳು ಏದುಸಿರು ಬಿಡುತ್ತ ಲ್ಯಾಬಿಗೆ ಬಂದಾಗ ನಾನು ಹಬ್ಬದ ಮುಖ ಹೊತ್ತು ನಿಂತಿದ್ದೆ. "ಎಲ್ಲಾ ಆಯ್ತು ಕಣೇ, ಕಳಿಸಿದೆ, ಪಾಸೂ ಆಯ್ತು. ಆರಾಮಾಗಿ ಮನೆಗೆ ಹೋಗು." ಅವಳು ಚೂಡಿದಾರದ ವೇಲಿನಿಂದ ಮುಖ ಒರೆಸಿಕೊಂಡು, "ಹೌದಾ ಮೇಡಂ" ಎಂದಳು. ಕೈಯಲ್ಲಿ ಮಡಿಸಿದ ಒಂದು ಹಾಳೆ ಇತ್ತು. ಏನು ಬರೆಯಬೇಕೆಂದು ಯೋಚಿಸಿಕೊಂಡದ್ದು ಅದರಲ್ಲಿತ್ತೆಂದು ಆಗ ನನಗೆ ಹೊಳೆಯಲಿಲ್ಲ.

ಸೋಮವಾರ ಅವಳು ಎಲ್ಲರಿಗಿಂತ ಮೊದಲು ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಭಾನುವಾರ ಪೇಟೆಗೆ ಬಂದು ಹೊಸ ಆವೃತ್ತಿ ಇಳಿಸಿಕೊಂಡು ಹೋಗಿ ಅಜ್ಜಿಯ ಮುಂದೆ ಹಚ್ಚಿದ್ದಾಳೆ. ತನ್ನ ಹೆಸರು ಸೇರಿದ ಮೇಲೆ ಮೊದಲ ಸಲ ಕೇಳಿಸುವ ಸಂಭ್ರಮ. ಅದು, "ಒಟ್ಟು ಎರಡು ಎಕರೆ, ಮೂವತ್ತೊಂಬತ್ತು ಗುಂಟೆ, ಹದಿನಾರಾಣೆ" ಎಂದಿದೆ.

"ನಮ್ಮಜ್ಜಿ, ಒಂದು ಗುಂಟಿ ಯಾರು ತಿಂದ್ರು ಅಂತ ಕೇಳಿದ್ಲು ಮೇಡಂ" ಎಂದಳು. "ಹದಿನಾರಾಣೆಗೆ ಒಂದು ಗುಂಟಿ, ನಲವತ್ತು ಗುಂಟಿಗೆ ಒಂದೆಕ್ರೆ. ಅಣ್ಣತಮ್ಮಂದ್ರ ಪಾಲಿನಾಗೆ ಆಣೆ ಮಟ ಬಂದೈತಿ ನಮ್ದು. ನಾಲ್ಕನೆ ಕ್ಲಾಸಿಂದ ನಾನೇ ಓದಿ ಹೇಳ್ತಿದ್ದೆ ಆಕೆಗೆ. ನಾನು ಹದಿನಾರು ಅಂತಾನೇ ಬರ್ದಿದ್ದೆ."

ಒಂದು ಗುಂಟೆ ಎಂದರೆ ಎಷ್ಟೆಂದು ನಾನು ಆ ಮನೆಯಲ್ಲಿ ನೋಡಿದ್ದೆ. ಅವರ ಕುರಿಹಟ್ಟಿ ನಿಂತಿರುವುದೇ ಅಷ್ಟು ಜಾಗದಲ್ಲಿ. "ಸರಿ, ಗಾಬರಿಯಾಗ್ಬೇಡ" ಎಂದೆ. "ಈಗ್ಲೇ ಹದಿನಾರು ಅಂತ ತಿದ್ದಿ ಕಳಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ." ಹೇಳುತ್ತಲೇ ನೋಟ್‌ಬುಕ್ಕಿಗೆ ಕೈ ಹಾಕಿದ್ದೆ.

"ಬ್ಯಾಡ್ರಿ" ಎಂದಳು. ಅವಳ ದನಿ ಅಷ್ಟು ಗಟ್ಟಿಯಾಗಿ ಬಂದದ್ದು ನಾನು ಕೇಳಿದ್ದೇ ಇಲ್ಲ. "ಸರ್ ಪಾಸ್ ಮಾಡಿದ್ದು ನೀವು ಬರ್ದಿದ್ದು ನೋಡಿ. ನಾನು ಬರ್ದಿದ್ದು ಅವ್ರು ನೋಡೇ ಇಲ್ಲ."

ಅವಳೇ ಲ್ಯಾಬಿಗೆ ಹೋಗಿ ಕೂತಳು. ಎಲ್ಲರಿಗೂ ಕಾಣುವ ಜಾಗದಲ್ಲಿ, ಕನ್ನಡದಲ್ಲಿ, ಒಂದೊಂದೇ ಕೀಲಿ ಹುಡುಕಿ ಒತ್ತುತ್ತ ಬರೆದಳು. ನೂರು ಎಂಬುದು ತಪ್ಪು, ಹದಿನಾರು ಆಗಬೇಕು. ಶುಕ್ರವಾರದ ಟಿಪ್ಪಣಿ, ಉತ್ತರ ಎರಡೂ ತಾನು ಬರೆದದ್ದಲ್ಲ. ತನ್ನನ್ನು ಮತ್ತೆ ನೋಡಿ ಗುರುತು ಹಾಕಬೇಕು. ಮೆಂಟರ್ ಅರ್ಧ ಗಂಟೆಯಲ್ಲಿ ಉತ್ತರಿಸಿದರು. ಯಾರು ಬರೆದದ್ದು? ಅವಳು, "ಬೇರೆಯವರು ಸರ್. ಅವರ ಹೆಸರು ಕೇಳಬೇಡಿ" ಎಂದು ಬರೆದು ಎದ್ದು ಕ್ಲಾಸಿಗೆ ಹೋದಳು. ಸಂಜೆ ಅವರ ಕೊನೆಯ ಮಾತು ಬಂತು. ಬೇರೆಯವರಿಂದ ಬರೆಸಿದ್ದಾರೆ ಎಂದಾದರೆ ಕಾರ್ಯಕ್ರಮದ ನಿಯಮದಂತೆ ಕೈಬಿಡಬೇಕಾಗುತ್ತದೆ, ನಡೆದದ್ದೇನೆಂದು ನಾಳೆ ಮಧ್ಯಾಹ್ನದೊಳಗೆ ತಿಳಿಸಿ ಎಂದು.

ಅವಳು ಬರೆಸಿದವಳಲ್ಲ. ಅದನ್ನು ಹೇಳಬಲ್ಲವಳು ನಾನೊಬ್ಬಳೇ.

ಆ ಸಂಜೆ ಬಸ್ಸಿನಲ್ಲಿ ನನಗೆ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಸೀಟು ಸಿಕ್ಕಿತು, ಎದ್ದು ಬಾಗಿಲ ಹತ್ತಿರ ಬಂದೆ, ಕಂಡಕ್ಟರ್ ಬೈದ ಮೇಲೆ ಮತ್ತೆ ಒಳಗೆ ಹೋದೆ. ನಿಜ ಹೇಳಬೇಕೆಂದರೆ ಆಗ ನನಗೆ ಅವಳ ಚಿಂತೆಗಿಂತ ನನ್ನ ಚಿಂತೆಯೇ ದೊಡ್ಡದಾಗಿತ್ತು. ಒಬ್ಬಳದ್ದು ಹೇಳಿದರೆ ಹದಿನಾಲ್ಕೂ ಜನರದ್ದು ಹೊರಬರುತ್ತದೆ. ಚೆನ್ನಾಗಿ ಪ್ರಶ್ನೆ ಕೇಳುವ ಮಕ್ಕಳು ಯಾರೆಂದು ಆ ಮೃದು ಮಾತಿನ ಮನುಷ್ಯನಿಗೆ ತಿಳಿಯುತ್ತದೆ. ಬಟ್ಟೆ ಅಂಗಡಿಯವರ ಮಗ ಓದುತ್ತಾನೆ, ಪ್ರಿನ್ಸಿಪಾಲರ ಕಿವಿಗೆ ಬೀಳುತ್ತದೆ. ಅವಳೇ ನನ್ನ ಹೆಸರು ಹೇಳಿಬಿಟ್ಟಿದ್ದರೆ ಅವಳ ಮೇಲೆ ಸಿಟ್ಟಾದರೂ ಮಾಡಬಹುದಿತ್ತು. ಅದಕ್ಕೂ ಅವಳು ದಾರಿ ಬಿಟ್ಟಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮ, "ಏನಾತೇ, ಅನ್ನ ಕಲಸ್ತಾ ಕೂತಿದ್ದೀಯಲ್ಲ" ಎಂದಳು. ಬರೀ ತಲೆನೋವು ಎಂದೆ.

ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಲ್ಯಾಬಿನ ಬೀಗ ನಾನೇ ತೆಗೆದೆ. ಮೂರು ಸಲ ಇಂಗ್ಲಿಷಿನಲ್ಲಿ ಶುರುಮಾಡಿದೆ. ಮೂರು ಸಲವೂ ನೆಟ್‌ವರ್ಕ್, ಗಡುವು, ಒಳ್ಳೆಯ ಉದ್ದೇಶ ಎಂಬ ಮಾತುಗಳು ತಾವಾಗಿಯೇ ಬಂದು ಮುಂದೆ ಕೂತವು. ಕೊನೆಗೆ ಅವಳ ಬರಹದ ಕೆಳಗೆ ಕನ್ನಡದಲ್ಲೇ ಬರೆದೆ: "ಬರೆದದ್ದು ನಾನು, ಇವರ ಅಧ್ಯಾಪಕಿ. ಇವರು ಬರೆಸಿದ್ದಲ್ಲ, ಇವರಿಗೆ ಗೊತ್ತಿಲ್ಲದೆ, ಕೇಳದೆ, ಇವರ ಪಾಸ್‌ವರ್ಡ್ ಬಳಸಿ ಬರೆದೆ. ಹದಿನಾರನ್ನು ನೂರು ಮಾಡಿದವಳೂ ನಾನೇ. ಉಳಿದ ಮಕ್ಕಳ ವಾರದ ವರದಿಗಳನ್ನೂ ನಾನೇ ಬರೆಯುತ್ತಿದ್ದೆ." ಒತ್ತಿದ ಮೇಲೆ ಕೈಕಾಲು ಹಗುರಾಗುತ್ತವೆಂದು ಕೇಳಿದ್ದೆ. ಹಾಗೇನೂ ಆಗಲಿಲ್ಲ, ಬರೆದದ್ದನ್ನೇ ಮತ್ತೆ ಮೇಲಿನಿಂದ ಓದಿದೆ.

ಮೆಂಟರ್ ನನಗೆ ಏನೂ ಬರೆಯಲಿಲ್ಲ. ಕಾರ್ಯಕ್ರಮದ ಗುಂಪಿನವರು ಬರೆದರು. ಮರ್ಯಾದೆಯಿಂದಲೇ, ನೀವು ಇನ್ನು ನಡುವೆ ಇರುವುದು ಬೇಡ, ಮಕ್ಕಳು ನೇರವಾಗಿ ಮಾತಾಡಲಿ, ಪಾಸ್‌ವರ್ಡುಗಳನ್ನು ಇವತ್ತೇ ಬದಲಿಸಲು ಅವರಿಗೆ ಹೇಳಿ ಎಂದು. ಉಳಿದವರಿಗೆ ಎರಡು ವಾರ ಹೆಚ್ಚಿನ ಕಾಲ ಕೊಟ್ಟರು. ಮಕ್ಕಳೆಲ್ಲ ತಂತಮ್ಮ ಪಾಸ್‌ವರ್ಡ್ ಬದಲಿಸುವಾಗ ನಾನು ಹೊರಗೆ ವರಾಂಡದಲ್ಲಿ ನಿಂತಿದ್ದೆ. ಐದು ಜನ ಅಷ್ಟಕ್ಕೇ ಬಿಟ್ಟುಹೋದರು. ಬಟ್ಟೆ ಅಂಗಡಿಯವರ ಮಗ ಉಳಿದ. ಯಾವತ್ತೂ ಇಲ್ಲದ ಮೆಲುದನಿಯಲ್ಲಿ, "ನಾನು ಬರೀದೇ ಇದ್ದಿದ್ದಕ್ಕೆ ಹಿಂಗಾಯ್ತು ಅಲ್ವಾ ಮೇಡಂ" ಎಂದ.

ಮಧ್ಯಾಹ್ನ ಮೆಂಟರ್ ಅವಳಿಗೆ ಬರೆದಿದ್ದರು. ಅಂದರೆ, ಬರೆದಿದ್ದಾರೆಂದು ಲ್ಯಾಬಿನ ಬಾಗಿಲಲ್ಲಿ ನಿಂತಾಗ ಅವಳ ಬೆನ್ನು ನೋಡಿಯೇ ನನಗೆ ಗೊತ್ತಾಯಿತು. ಮುಂದೆ ಬಾಗಿ ಓದುತ್ತಿದ್ದಳು. ಇಟ್ಟುಕೊಂಡರೋ ಕೈಬಿಟ್ಟರೋ ತಿಳಿಯದೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬಾಗಿಲಿಂದ ಅವಳ ಕುರ್ಚಿಯವರೆಗೆ ನಾಲ್ಕೇ ಹೆಜ್ಜೆ. ಹೋಗಿ ಅವಳ ಹಿಂದೆ ನಿಂತು, "ಏನಂತೆ?" ಎಂದೆ.

"ಇಟ್ಕಂಡಾರಂತ್ರಿ" ಎಂದಳು, ತಿರುಗದೆ. "ಆಣೆ ಅಂದ್ರೆ ಏನು, ಅವ್ರಿಗೆ ಮೊದ್ಲಿಂದ ಹೇಳ್ಕೊಡ್ಬೇಕಂತೆ."

ನನಗೆ ಕಣ್ಣು ತುಂಬಿ ಬಂತು. ಅವಳಾಗಲೇ ಬರೆಯಲು ಶುರುಮಾಡಿದ್ದಳು. ಒಂದು ಸಾಲು ಬರೆದಳು, ಅಳಿಸಿದಳು, ಪಹಣಿಯ ಮೇಲೆ ಬೆರಳಿಟ್ಟು ನೋಡಿದಳು, ಮತ್ತೆ ಬರೆದಳು. ಎಷ್ಟು ನಿಧಾನ ಎಂದರೆ ಉಸಿರು ಕಟ್ಟುವಷ್ಟು. ಮೊದಲು ಎಕರೆಯಿಂದ ಶುರುಮಾಡಿದರೆ ಅವರಿಗೆ ಬೇಗ ತಿಳಿಯುತ್ತದೆಂದು ನನಗೆ ಅನಿಸುತ್ತಿತ್ತು. "ಅಲ್ಲ, ಮೊದ್ಲು..." ಎಂದು ಬಾಯಿ ತೆರೆದೇಬಿಟ್ಟೆ.

ಅವಳ ಬೆರಳುಗಳು ನಿಂತವು.

"ಮೇಡಂ," ಎಂದಳು, ಬೇಸರವಿಲ್ಲದೆ, ದೊಡ್ಡವರಿಗೆ ಹೇಳುವಷ್ಟೇ ಮರ್ಯಾದೆಯಿಂದ, "ನೀವು ಹೊರಗೆ ಕುಂದ್ರಿರಿ. ಮುಗಿದ್ಮೇಲೆ ಕರಿತೀನಿ."

ನಾನು ಹೊರಗೆ ಹೋಗಿ ವರಾಂಡದ ಬೆಂಚಿನ ಮೇಲೆ ಕೂತೆ. ಕೊನೆಯ ಬೆಲ್ ಆಯಿತು, ನನ್ನ ಬಸ್ಸಿನ ಹೊತ್ತೂ ಮೀರಿತು. ಒಳಗಿನಿಂದ ಕೀಲಿ ಒತ್ತುವ ಸದ್ದು ಬಿಟ್ಟು ಬಿಟ್ಟು ಕೇಳುತ್ತಲೇ ಇತ್ತು. ಅವಳು ಇನ್ನೂ ಕರೆದಿರಲಿಲ್ಲ.